ಬುಧವಾರದ ನೀರು

ಬೀಗದ ಕೈ ಕೈಗಿಡುತ್ತಲೇ ಮನೆಯ ಮಾಲೀಕರು ಹೇಳಿದ ಮೊದಲ ಮಾತು, "ನಿಮ್ಮ ನೀರು ಬುಧವಾರ ರಾತ್ರಿ."

ನಲ್ಲಿಯ ನೀರಲ್ಲ, ಹಿತ್ತಿಲಿನಾಚೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ತೋಟದ ನೀರು. ನಮ್ಮವರಿಗೆ ಸ್ಪೇನಿನ ಗ್ರಾನಡಾದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತ್ತು. ನಗರದಲ್ಲಿ ಬಾಡಿಗೆ ಜಾಸ್ತಿ, ನನಗೋ ಮಣ್ಣಿನ ಹುಚ್ಚು. ಹಾಗಾಗಿ ಗ್ರಾನಡಾದಿಂದ ಸಮುದ್ರದ ಕಡೆ ಇಳಿಯುವ ದಾರಿಯಲ್ಲಿ, ಸಿಯೆರಾ ನೆವಾಡಾ ಪರ್ವತದ ಪಶ್ಚಿಮದ ತಪ್ಪಲಲ್ಲಿರುವ ಲೆಕ್ರಿನ್ ಕಣಿವೆಯ ಒಂದು ಹಳ್ಳಿ ಸೇರಿದೆವು. ಸುಣ್ಣ ಬಳಿದ ಮನೆಗಳು. ಕೆಳಗೆ ಕಿತ್ತಳೆ, ನಿಂಬೆ, ನಡುವೆ ಒಲೀವ್, ಬಾದಾಮಿ, ತಲೆಯೆತ್ತಿದರೆ ಹಿಮ. ಯುರೋಪೆಂದರೆ ತಣ್ಣನೆಯ ಬ್ರೆಡ್ಡು ಎಂದುಕೊಂಡು ಹೊರಟವಳಿಗೆ ಮನೆಮುಂದೆಯೇ ದಾಳಿಂಬೆ ಗಿಡ ಸಿಕ್ಕಿತು.

ಬೆಟ್ಟದ ಹಿಮ ಕರಗಿದ ನೀರು ಅಸೆಕಿಯಾ ಎಂಬ ಕಾಲುವೆಗಳಲ್ಲಿ ಊರಿಗೆ ಬರುತ್ತದೆ. ಕಾಲುವೆ ಅಂದರೆ ದೊಡ್ಡದೇನಲ್ಲ, ಹಾರಿ ದಾಟಬಹುದು. ಆದರೆ ಅದರ ಓಟ ನೋಡಬೇಕು. ಗುಡ್ಡದ ಮಗ್ಗುಲನ್ನು ತಬ್ಬಿಕೊಂಡು, ಇಳಿಜಾರು ಎಲ್ಲೂ ಹೆಚ್ಚಾಗದಂತೆ, ಮೈಲಿಗಟ್ಟಲೆ ಹರಿಯುತ್ತದೆ. ಪ್ರತಿ ಹೊಲದ ಬಾಯಲ್ಲೂ ಒಂದು ಕಬ್ಬಿಣದ ತಗಡು. ನಿಮ್ಮ ಸರದಿ ಬಂದಾಗ ತಗಡು ಎತ್ತಿ ನೀರು ತಿರುಗಿಸಿಕೊಳ್ಳಬೇಕು, ಹೊತ್ತು ಮುಗಿದ ಕೂಡಲೇ ಇಳಿಸಬೇಕು. ಇದನ್ನು ನೋಡಿಕೊಳ್ಳಲು ರೈತರೆಲ್ಲ ಸೇರಿ ನೇಮಿಸಿದ ಒಬ್ಬ ಮನುಷ್ಯ ಇದ್ದ. ಭುಜದ ಮೇಲೆ ಸಲಿಕೆ, ಬಾಯಲ್ಲಿ ಸಿಗರೇಟು. ನಮ್ಮಪ್ಪನ ಊರು ತುರುವೇಕೆರೆ ಕಡೆ. ಅಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಯನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಸುಗ್ಗಿಯಲ್ಲಿ ಅವನಿಗೆ ಕಣದಿಂದಲೇ ರಾಗಿ, ಭತ್ತ ಅಳೆದುಕೊಡುತ್ತಿದ್ದರು. ಈತನಿಗೆ ಸಂಬಳ ಬ್ಯಾಂಕಿಗೆ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಜಗಳ ಬಿಡಿಸುವ ಗತ್ತು ಒಂದೇ. ನಮ್ಮ ಕಡೆ ನೀರಗಂಟಿಗಳು ಬಹುಪಾಲು ಇಲ್ಲವಾದರು, ಕೆರೆಗಳೂ ಅದೇ ದಾರಿ ಹಿಡಿದವು. ಸ್ಪೇನಿನ ಈತ ಮಾತ್ರ ಇನ್ನೂ ಇದ್ದ.

ಬೆಟ್ಟದ ಮೇಲೆ ಇದಕ್ಕಿಂತ ಜಾಣತನದ ಕೆಲಸವೊಂದಿದೆ. ವಸಂತದಲ್ಲಿ ಹಿಮ ಕರಗಿ ಹೊಳೆ ಭೋರ್ಗರೆಯುವಾಗ ಹೆಚ್ಚಾದ ನೀರನ್ನು ಎತ್ತರದ ಕಾಲುವೆಗಳಿಗೆ ತಿರುಗಿಸಿ, ಕಲ್ಲು ಸಡಿಲವಿರುವ ಕಡೆ ಬೇಕೆಂದೇ ಇಂಗಲು ಬಿಡುತ್ತಾರೆ. ಆ ನೀರು ಬೆಟ್ಟದ ಹೊಟ್ಟೆಯಲ್ಲಿ ನಿಧಾನವಾಗಿ ಇಳಿದು, ಬೇಸಿಗೆಯ ಕಡುಬಿಸಿಲಲ್ಲಿ ಕೆಳಗಿನ ಊರುಗಳ ಬುಗ್ಗೆಗಳಲ್ಲಿ ಮೇಲೇಳುತ್ತದೆ. ಸಿಮೆಂಟಿಲ್ಲ, ಅಣೆಕಟ್ಟಿಲ್ಲ, ಬೆಟ್ಟವೇ ತೊಟ್ಟಿ. ಊರು ಬಿಟ್ಟು ಹೋದವರ ಹಿಂದೆ ಇಂಥ ಎಷ್ಟೋ ಕಾಲುವೆಗಳಲ್ಲಿ ಹೂಳು ತುಂಬಿತ್ತು. ಈಚಿನ ವರ್ಷಗಳಲ್ಲಿ ಗ್ರಾನಡಾ ವಿಶ್ವವಿದ್ಯಾಲಯದ ಪುರಾತತ್ವದವರು, ಊರಿನ ರೈತರು, ಸ್ವಯಂಸೇವಕರು ಸೇರಿ ಒಂದೊಂದನ್ನೇ ತೋಡಿ ತೆರೆಯುತ್ತಿದ್ದಾರೆ.

ಇದನ್ನೆಲ್ಲ ಕಟ್ಟಿದವರು ಮೂರರು, ಅಂದರೆ ಉತ್ತರ ಆಫ್ರಿಕಾದಿಂದ 711ರಲ್ಲಿ ಕಡಲು ದಾಟಿ ಬಂದ ಅರಬರು, ಬರ್ಬರರು, ಮತ್ತು ಅವರ ಆಳ್ವಿಕೆಯಲ್ಲಿ ಮುಸಲ್ಮಾನರಾದ ಸ್ಥಳೀಯರು. ಅವರ ಕೊನೆಯ ರಾಜ್ಯ ಗ್ರಾನಡಾ 1492ರ ಜನವರಿ 2ರಂದು ಕ್ರೈಸ್ತ ದೊರೆಗಳ ಕೈಸೇರಿತು. ಹತ್ತು ವರ್ಷದೊಳಗೆ ಅಲ್ಲಿನ ಮುಸಲ್ಮಾನರಿಗೆ ಮತಾಂತರ ಇಲ್ಲವೇ ದೇಶಾಂತರ ಎಂದಾಯಿತು. ಮತಾಂತರವಾದವರಿಗೆ ಮೊರಿಸ್ಕೊ ಎಂದು ಹೆಸರು. 1567ರಲ್ಲಿ ಎರಡನೆಯ ಫಿಲಿಪ್ ಅವರ ಭಾಷೆ, ಉಡುಪು, ಸ್ನಾನಗೃಹ ಎಲ್ಲಕ್ಕೂ ನಿಷೇಧ ಹಾಕಿದ. 1568ರ ಕ್ರಿಸ್ಮಸ್ ಹೊತ್ತಿಗೆ ದಂಗೆ ಎದ್ದಿತು. ದಂಗೆಕೋರರು ಅಬೆನ್ ಉಮೆಯಾನನ್ನು ದೊರೆಯೆಂದು ಸಾರಿದ ಬೆಸ್ನಾರ್ ಇರುವುದು ಇದೇ ಲೆಕ್ರಿನ್ ಕಣಿವೆಯಲ್ಲಿ. ಸೋತರು. ಗ್ರಾನಡಾ ಸೀಮೆಯಿಂದ ಸಾವಿರಾರು ಮೊರಿಸ್ಕೊಗಳನ್ನು ಉತ್ತರಕ್ಕೆ ಅಟ್ಟಿದರು. 1609ರಿಂದ 1614ರವರೆಗೆ ಇಡೀ ಸ್ಪೇನಿನಿಂದಲೇ ಹೊರಹಾಕಿದರು. ಖಾಲಿಯಾದ ಊರುಗಳಿಗೆ ದೂರದ ಗಲೀಸಿಯಾ, ಲಿಯೋನ್ ಕಡೆಯವರು ಬಂದು ನೆಲೆಸಿದರು. ಮಳೆಸೀಮೆಯ ಅವರಿಗೆ ಈ ಕಾಲುವೆಗಳ ಮರ್ಮ ತಿಳಿಯಲೆಂದು ಊರಿಗೆ ಎರಡು ಮೊರಿಸ್ಕೊ ಮನೆಗಳನ್ನು ಉಳಿಸಿಕೊಂಡರೆಂಬ ಮಾತು ಆ ಕಡೆ ಎಲ್ಲರ ಬಾಯಲ್ಲೂ ಇದೆ. ಕುಡಿದಾಗ ಕೆಲವರು ತಾವೇ ಆ ಮನೆಯವರು ಎನ್ನುವುದೂ ಉಂಟು.

ನನಗೆ ಅಡುಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಕಲಿಸುತ್ತೇನೆಂದು ಅವರು ಹೇಳಲಿಲ್ಲ, ಕಲಿಯುತ್ತೇನೆಂದು ನಾನೂ ಕೇಳಲಿಲ್ಲ. ಬುಧವಾರ ರಾತ್ರಿ ನೀರು ಕಟ್ಟಲು ಟಾರ್ಚು ಹಿಡಿದು ಇಳಿದಾಗ ತಮ್ಮ ಸರದಿ ಮುಗಿಸಿ ಅವರು ಕಾಯುತ್ತಿರುತ್ತಿದ್ದರು. ನಾನು ಪಾತಿ ಕಟ್ಟಿದ ರೀತಿ ನೋಡಿ, "ಮಗಳೇ, ಇದೇನು ಈಜುಕೊಳವಾ?" ಎನ್ನುವರು. ತಾವೇ ಸಲಿಕೆ ಕಸಿದುಕೊಂಡು ಬದು ಸರಿ ಮಾಡುವರು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಒಂದು ಬುಟ್ಟಿ ಸೊಪ್ಪೋ ಬದನೆಯೋ ಇರುತ್ತಿತ್ತು. ಬುಟ್ಟಿ ಖಾಲಿ ವಾಪಸು ಕೊಡುವ ಪದ್ಧತಿ ನಮ್ಮ ಕಡೆಯೂ ಇಲ್ಲವಲ್ಲ. ಹಾಗೆ ಶುರುವಾಯಿತು.

ತೊಡಕು ಒಂದೇ, ನಾನು ಮಾಂಸ ತಿನ್ನುವವಳಲ್ಲ. ಆ ಊರಲ್ಲಿ ಹಾಮೋನ್ ಎಂಬ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆಯನ್ನು ಮಾಂಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಉಪ್ಪಿನ ಜಾತಿಗೆ ಸೇರಿದ ವಸ್ತು. ಹಸಿ ಬಟಾಣಿಗೂ ಹಾಮೋನ್, ಬೀನ್ಸಿಗೂ ಹಾಮೋನ್. ಈ ಹಟಕ್ಕೆ ಕಾರಣವಿದೆ. ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕಾಲದಲ್ಲಿ ಯಾರ ಮನೆಯಲ್ಲಿ ಹಂದಿ ಬೇಯುವುದಿಲ್ಲ, ಯಾರು ಕೊಬ್ಬು ಬಿಟ್ಟು ಎಣ್ಣೆಯಲ್ಲಿ ಅಡುಗೆ ಮಾಡುತ್ತಾರೆ, ಯಾರು ನೆಲದ ಮೇಲೆ ಕುಳಿತು ಕೈಯಲ್ಲಿ ಕುಸ್‌ಕುಸ್ ತಿನ್ನುತ್ತಾರೆ ಎಂಬುದೆಲ್ಲ ಸಾಕ್ಷ್ಯವಾಗುತ್ತಿತ್ತು. ಅಡುಗೆಮನೆಯ ಹೊಗೆಯ ವಾಸನೆಯೇ ಜೀವಕ್ಕೆ ಮುಳುವಾಗುವ ಕಾಲದಲ್ಲಿ ಹೊಸ್ತಿಲೊಳಗೆ ಎದುರಿಗೇ ಒಂದು ತೊಡೆ ತೂಗುಬಿಡುವುದು ಬುದ್ಧಿವಂತಿಕೆ. ನೆಲದ ಮೇಲೆ ಕೂತು ಕೈಯಲ್ಲಿ ಉಣ್ಣುವ ನನ್ನಂಥವಳು ಆಗ ಅಲ್ಲಿದ್ದಿದ್ದರೆ ಒಂದು ವಾರ ಬಾಳುತ್ತಿರಲಿಲ್ಲ.

ಹೀಗಾಗಿ ಅಜ್ಜಿ ನನ್ನನ್ನು ವರ್ಷವಿಡೀ ಉಪವಾಸ ಹಿಡಿದವಳೆಂದು ಭಾವಿಸಿದರು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತದಲ್ಲಿ, ಮುಖ್ಯವಾಗಿ ಶುಕ್ರವಾರಗಳಂದು, ಮಾಂಸ ಬಿಟ್ಟು ಮಾಡುವ ಅಡುಗೆಗಳನ್ನೆಲ್ಲ ಒಂದೊಂದಾಗಿ ಹೊರತೆಗೆದರು. ಬಕಲಾವು ಎಂಬ ಉಪ್ಪು ಮೀನನ್ನು ಹೊರಗಿಟ್ಟರೆ ಆ ಅಡುಗೆಗಳು ನನ್ನವೇ ಆಗಿಬಿಟ್ಟವು. ತಮಾಷೆ ನೋಡಿ, ಅತ್ಯಂತ ಕ್ರೈಸ್ತವಾದ ಆ ವ್ರತದ ಊಟದಲ್ಲೇ ಮೂರರ ಕೈ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುತ್ತಿತ್ತು: ಕಡಲೆ, ಪಾಲಕ್, ಬೆಳ್ಳುಳ್ಳಿ, ಜೀರಿಗೆ, ಒಲೀವ್ ಎಣ್ಣೆ. ಗ್ರಾನಡಾದಲ್ಲಿ ಪ್ರವಾಸಿಗರು ನುಗ್ಗುವ ಬೀದಿಗಳಲ್ಲಿ, ಮೂರರ ಕಾಲದ್ದೆಂದು ಹೇಳಿ ಏನೇ ಕೊಟ್ಟರೂ ದಾಲ್ಚಿನ್ನಿ ಉದುರಿಸಿ, ಮೇಲೆ ಒಂದು ಪುದೀನ ಎಲೆ ಇಡುತ್ತಾರೆ. ತಿಂದಿದ್ದೇನೆ, ಚೆನ್ನಾಗಿಯೇ ಇರುತ್ತದೆ. ಆದರೆ ಆ ಊಟ ಮೊರೊಕ್ಕೊದಿಂದ ಈಚೆಗೆ ಬಂದದ್ದು. ಐನೂರು ವರ್ಷ ಅಲ್ಲೇ ತಳವೂರಿ ಉಳಿದದ್ದು ಈ ಶುಕ್ರವಾರದ ಪಾತ್ರೆಯಲ್ಲಿದೆ.

ಪಾಲಕ್ ಕಡಲೆ ಮಾಡುವುದನ್ನು ವಿವರವಾಗಿಯೇ ಹೇಳುತ್ತೇನೆ. ಅದರ ಮಸಾಲೆಯಲ್ಲೇ ಗುಟ್ಟಿದೆ. ಕಾಬೂಲಿ ಕಡಲೆ ರಾತ್ರಿ ನೆನೆಸಿ ಮೆತ್ತಗೆ ಬೇಯಿಸಿಕೊಳ್ಳಬೇಕು. ಬಾಣಲೆಯಲ್ಲಿ ಒಲೀವ್ ಎಣ್ಣೆ ಧಾರಾಳವಾಗಿ ಬಿಟ್ಟು, ಹಳೆಯ ಬ್ರೆಡ್ಡಿನ ಒಂದು ಹೋಳು, ನಾಲ್ಕೈದು ಎಸಳು ಬೆಳ್ಳುಳ್ಳಿ ಹೊಂಬಣ್ಣ ಬರುವವರೆಗೆ ಕರಿದು ತೆಗೆಯಬೇಕು. ಹಿತ್ತಾಳೆಯ ಕುಟ್ಟಣಿಗೆಯಲ್ಲಿ ಇವೆರಡನ್ನೂ ಜೀರಿಗೆ, ಕಲ್ಲುಪ್ಪಿನ ಜೊತೆ ಕುಟ್ಟಿ, ಒಂದು ಚಮಚ ವಿನೆಗರ್ ಸೇರಿಸಿ ಮುದ್ದೆ ಮಾಡಬೇಕು. ಆ ಮುದ್ದೆಗೆ ಮಹಾದೋ ಎನ್ನುತ್ತಾರೆ. ಉಳಿದ ಎಣ್ಣೆಯನ್ನು ಒಲೆಯಿಂದ ಇಳಿಸಿ, ಪಿಮೆಂತೋನ್ ಎಂಬ ಖಾರವಿಲ್ಲದ ಕೆಂಪು ಮೆಣಸಿನ ಪುಡಿ ಹಾಕಬೇಕು. ಉರಿಯ ಮೇಲಿದ್ದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಅದಕ್ಕೆ ಬಾಡಿಸಿದ ಪಾಲಕ್, ಕಡಲೆ, ಬೆಂದ ನೀರು ಸ್ವಲ್ಪ, ಕುಟ್ಟಿದ ಮುದ್ದೆ. ಮಂದವಾಗುವವರೆಗೆ ಸಣ್ಣ ಉರಿ. ನಾವು ತೆಂಗಿನಕಾಯಿ, ಹುರಿಗಡಲೆ ರುಬ್ಬಿ ಹುಳಿಗೆ ಮೈ ಕೊಡುವ ಹಾಗೆ ಅಲ್ಲಿ ಬ್ರೆಡ್ಡು, ಬಾದಾಮಿ ಮೈ ಕೊಡುತ್ತವೆ. ಹಾಲಿನ ಕೆನೆ, ಮೈದಾ ಸಾಸಿನ ಯುರೋಪು ಆ ಅಡುಗೆಮನೆಯಿಂದ ಬಹಳ ದೂರ.

ಅಜ್ಜಿಯ ಆ ಕುಟ್ಟಣಿಗೆ ಅವರ ತಾಯಿಯದು. ಕ್ರಿಸ್ಮಸ್ ಹಾಡುಗಳಿಗೆ ಅದನ್ನೇ ತಾಳವಾದ್ಯ ಮಾಡಿಕೊಂಡು ಬಾರಿಸುತ್ತಿದ್ದರು. ಅಲ್ಮಿರೆಸ್ ಎಂದು ಹೆಸರು. ಎಷ್ಟೋ ಮನೆಗಳಲ್ಲಿ ಈಗ ಅದು ಶೋಕೇಸಿಗೆ ಏರಿದೆ, ಕೆಲಸವನ್ನು ಮಿಕ್ಸಿ ಮಾಡುತ್ತದೆ.

ತೋಟದ ವರ್ಷ ಅಲ್ಲಿ ಬೆಳ್ಳುಳ್ಳಿಯಿಂದ ಶುರು. ಅಕ್ಟೋಬರ್, ನವೆಂಬರಿನ ಮಳೆ ಬಿದ್ದ ಮೇಲೆ ಬೆಳ್ಳುಳ್ಳಿ, ಜೊತೆಗೆ ಹಾಬಾ ಎಂಬ ಚಪ್ಪಟೆ ದಪ್ಪ ಕಾಳು. ಅದು ನಮ್ಮ ಅವರೆಗಿಂತ ದೊಡ್ಡದು, ಅವರೆಯ ಸೊಗಡಿಲ್ಲ. ಚಳಿಗಾಲವೆಲ್ಲ ಪಾಲಕ್, ಕೋಸು. ಜನವರಿ ಕೊನೆಗೆ ಎಲೆಯಿಲ್ಲದ ಬಾದಾಮಿ ಮರಗಳು ಹೂ ಬಿಡುವ ಹೊತ್ತಿಗೆ ಕಿತ್ತಳೆಯ ಕೊಯ್ಲು. ಆ ಕಣಿವೆಯಲ್ಲಿ ಕಿತ್ತಳೆಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಈರುಳ್ಳಿ, ಕಪ್ಪು ಒಲೀವ್, ಉಪ್ಪು ಮೀನಿನ ಎಳೆ ಹಾಕಿ, ಮೇಲೆ ಒಲೀವ್ ಎಣ್ಣೆ ಸುರಿದು ಊಟಕ್ಕಿಡುತ್ತಾರೆ. ರೆಮೊಹೋನ್ ಎಂದು ಹೆಸರು. ಕಿತ್ತಳೆಗೆ ಎಣ್ಣೆಯೇ ಎಂದು ಮೂಗು ಮುರಿದವಳು ಕೊನೆಗೆ ಮೀನು ಬಿಟ್ಟು ವಾರಕ್ಕೊಮ್ಮೆ ಅದನ್ನೇ ಮಾಡುತ್ತಿದ್ದೆ. ಇದೂ ಮೂರರದೆಂದು ಊರವರು ಹೇಳುತ್ತಿದ್ದರು. ಅರಬರು ತಂದದ್ದು ಹುಳಿ ಕಿತ್ತಳೆ. ಸಿಹಿ ಕಿತ್ತಳೆ ಸ್ಪೇನಿನಲ್ಲಿ ಹಬ್ಬಿದ್ದು ಅವರ ಆಳ್ವಿಕೆ ಮುಗಿಯುವ ಕಾಲಕ್ಕೆ, ಅದರ ನಂತರ. ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿಗಳನ್ನಂತೂ ಯಾವ ಸುಲ್ತಾನನೂ ಕಂಡಿರಲಿಲ್ಲ. ಅವೆಲ್ಲ ಅಮೆರಿಕದಿಂದ ಬಂದದ್ದು 1492ರ ಆ ಕಡೆಗೆ. ಗಸ್ಪಾಚೊ ಎಂಬ ಕೆಂಪು ಟೊಮೇಟೊದ ತಣ್ಣನೆಯ ಸಾರು ಕುಡಿಯುತ್ತ ಸುಲ್ತಾನರ ವೈಭವ ನೆನೆಯುವವರಿಗೆ ಇದನ್ನು ಹೇಳಿ ಬೇಸರ ಮಾಡಿದ್ದೇನೆ. ನಮ್ಮ ಟೊಮೇಟೊ ಸಾರಿಗೂ, ಮೆಣಸಿನಕಾಯಿ ಬಜ್ಜಿಗೂ ಇದೇ ಮಾತು ಅನ್ವಯಿಸುತ್ತದೆಂದು ಊರಿಗೆ ಬಂದಾಗ ಹೇಳಿ ಇಲ್ಲಿಯೂ ಬೇಸರ ಮಾಡಿದೆ.

ಬದನೆಯ ಮಾತೇ ಬೇರೆ. ಅದು ನಮ್ಮ ನೆಲದಿಂದ ಹೊರಟು, ಪರ್ಷಿಯಾ ಹಾದು, ಅರಬರ ಜೊತೆ ಸ್ಪೇನಿಗೆ ಹೋದ ತರಕಾರಿ. ಹದಿಮೂರನೆಯ ಶತಮಾನದ ಇಬ್ನ್ ರಜೀನ್ ಅಲ್-ತುಜೀಬಿ ಎಂಬ ಪಂಡಿತ ಮುರ್ಸಿಯಾದವನು. ಊರು ಕ್ರೈಸ್ತರ ಕೈಸೇರಿದ ಕಾಲದಲ್ಲಿ ದೇಶ ಬಿಟ್ಟು ಟ್ಯುನಿಸ್ ಸೇರಿ, ತನ್ನ ಸೀಮೆಯ ಅಡುಗೆಗಳನ್ನೆಲ್ಲ ಒಂದು ದೊಡ್ಡ ಗ್ರಂಥವಾಗಿ ಬರೆದಿಟ್ಟ. ಅದರಲ್ಲಿ ಬದನೆಗೆಂದೇ ಒಂದು ಅಧ್ಯಾಯ. ಬಾಗ್ದಾದಿನ ಖಲೀಫ ಅಲ್-ಮಾಮೂನನ ಹೆಂಡತಿ ಬೂರಾನ್ ಹೆಸರಿನ ಬದನೆಯ ಅಡುಗೆಯೊಂದು ಇಬ್ನ್ ರಜೀನನ ಕಾಲಕ್ಕಾಗಲೇ ಸ್ಪೇನ್ ತಲುಪಿತ್ತು. ಇವತ್ತಿಗೂ ದಕ್ಷಿಣ ಸ್ಪೇನಿನ ಆಂದಲೂಸಿಯಾದಲ್ಲಿ ಅಲ್ಬೊರೊನಿಯಾ ಎಂಬ ಹೆಸರಲ್ಲಿ ಬದುಕಿದೆ, ಟೊಮೇಟೊ, ಕುಂಬಳ, ದೊಣ್ಣೆಮೆಣಸಿನಕಾಯಿ ಸೇರಿಸಿಕೊಂಡು. ಬದನೆ ತಿನ್ನುವವನೆಂದರೆ ಮೂರರವನೇ ಎಂದು ಎಷ್ಟು ಗಟ್ಟಿಯಾಗಿ ನಂಬಿದ್ದರೆಂದರೆ, ಸೆರ್ವಾಂಟೆಸ್ ತನ್ನ 'ಡಾನ್ ಕಿಹೋತೆ'ಯಲ್ಲಿ ಕಥೆ ಹೇಳುವ ಅರಬ ಇತಿಹಾಸಕಾರನ ಹೆಸರನ್ನು ನಾಯಕನ ಸೇವಕ ಸಾಂಚೊ ಬಾಯಲ್ಲಿ ಬದನೆಕಾಯಿ ಮಾಡಿಸಿ ಓದುಗರನ್ನು ನಗಿಸಿದ್ದಾನೆ.

ಅಜ್ಜಿ ಬದನೆಯನ್ನು ತೆಳ್ಳಗೆ ಹೆಚ್ಚಿ ಉಪ್ಪುನೀರಲ್ಲಿ ನೆನೆಸಿ, ಹಿಂಡಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಬಿಸಿಯಿದ್ದಾಗಲೇ ಮೇಲೆ ಕಬ್ಬಿನ ಜೇನು ಬಿಡುತ್ತಿದ್ದರು. ಜೇನೆಂಬುದು ಹೆಸರಿಗೆ. ಅದು ಕಪ್ಪಗೆ ಕಾಯಿಸಿದ ಕಬ್ಬಿನ ಹಾಲು, ಮಲೆನಾಡಿನ ಜೋನಿ ಬೆಲ್ಲದ ಖಾಸಾ ತಂಗಿ. ಹೊರಗೆ ಗರಿಗರಿ, ಒಳಗೆ ಬೆಣ್ಣೆ, ನಾಲಿಗೆಯ ತುದಿಯಲ್ಲಿ ಉಪ್ಪು, ಹಿಂದೆ ಬೆಲ್ಲದ ಸುಟ್ಟ ಕಹಿ. ಕಬ್ಬನ್ನೂ ಅಲ್ಲಿ ನೆಟ್ಟವರು ಅರಬರೇ. ನಮ್ಮ ಕಣಿವೆಯಿಂದ ಅರ್ಧ ಗಂಟೆ ಇಳಿದರೆ ಮೊತ್ರಿಲ್ ಕರಾವಳಿ. ಒಂದು ಕಾಲಕ್ಕೆ ಕಡಲಿನವರೆಗೂ ಕಬ್ಬೇ. ನಾನು ನೋಡುವ ಹೊತ್ತಿಗೆ ಅಲ್ಲಿ ಮಾವು, ಬೆಣ್ಣೆಹಣ್ಣು, ಸೀತಾಫಲದ ಜಾತಿಯ ಚಿರಿಮೋಯ, ಮತ್ತು ಕಟ್ಟಡಗಳು. ಸಾಲೊಬ್ರೆನ್ಯಾದ ಬಳಿಯ ಕೊನೆಯ ಸಕ್ಕರೆ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತ್ತು. ಸಾವಿರ ವರ್ಷದ ಬೆಳೆ ನಮ್ಮ ಕಾಲದಲ್ಲೇ ಮುಗಿದುಹೋಯಿತು. ಅಜ್ಜಿಯ ಶೀಸೆ ಮಾಲಗಾ ಪ್ರಾಂತ್ಯದ ಫ್ರಿಹಿಲಿಯಾನಾದಿಂದ ಬರುತ್ತಿತ್ತು. ಅಲ್ಲೊಂದು ಹಳೆಯ ಆಲೆಮನೆ ಉಳಿದಿದೆ.

ನನ್ನಿಂದ ಆ ತೋಟಕ್ಕೆ ಬಂದದ್ದು ಕೊತ್ತಂಬರಿ. ಗ್ರಾನಡಾದಲ್ಲಿ ಮೊರೊಕ್ಕೊದವರ ಅಂಗಡಿಯಿಂದ ಸಾರಿನಪುಡಿಗೆಂದು ತಂದ ಧನಿಯಾ. ಒಂದು ಹಿಡಿಯನ್ನು ನೆಲಕ್ಕೆ ಹಾಕಿ, ಅಮ್ಮ ಮಾಡುತ್ತಿದ್ದಂತೆ ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ, ಬೆಳ್ಳುಳ್ಳಿ ಪಾತಿಯ ಅಂಚಿಗೆ ಉದುರಿಸಿದೆ. ಹದವಾದ ಚಳಿಗೆ ಸೊಗಸಾಗಿ ಬಂತು. ಅಜ್ಜಿ ಒಂದೆಲೆ ಹಿಸುಕಿ ಮೂಸಿದರು. "ತಿಗಣೆ ವಾಸನೆ" ಎಂದು ಕೈ ಒರೆಸಿಕೊಂಡರು. ಆ ಊರಲ್ಲಿ ಎಲ್ಲದಕ್ಕೂ ಪಾರ್ಸ್ಲಿ. ಕೊತ್ತಂಬರಿ ಎಂದರೆ ವಿದೇಶಿಯರ ಸೊಪ್ಪು, ಪಟ್ಟಣದ ಮೆಕ್ಸಿಕನ್ ಹೋಟೆಲಿನವರದು.

ನಮ್ಮವರು ಗ್ರಂಥಾಲಯದಿಂದ ಇಬ್ನ್ ರಜೀನನ ಪುಸ್ತಕದ ಸ್ಪ್ಯಾನಿಷ್ ಅನುವಾದ ತಂದದ್ದು ಅದೇ ಚಳಿಗಾಲದಲ್ಲಿ. ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಪುಟ ತಿರುವಿದಲ್ಲೆಲ್ಲ ಕೊತ್ತಂಬರಿ! ಒಣಗಿದ ಬೀಜ, ಹಸಿ ಸೊಪ್ಪು, ಸೊಪ್ಪು ಕುಟ್ಟಿ ಹಿಂಡಿದ ರಸ. ಮಾಂಸಕ್ಕೂ ಅದೇ, ಬದನೆಗೂ ಅದೇ. ಬಾರ್ಲಿ ಹುದುಗಿಸಿ ಮಾಡುವ ಮುರ್ರಿ ಎಂಬ ಉಪ್ಪು ರಸವೂ ಸಾಲುಸಾಲಾಗಿ ಬರುತ್ತದೆ. ಅದು ಪೂರ್ತಿ ಅಳಿದುಹೋಯಿತು, ಈಗ ಮಾಡುವವರಿಲ್ಲ. ಆದರೆ ಕೊತ್ತಂಬರಿ ನೆಲದ ಈ ತುದಿಯಿಂದ ಆ ತುದಿವರೆಗೂ ಬೇರೆಯವರ ಅಡುಗೆಮನೆಗಳಲ್ಲಿ ಹಸಿರಾಗಿಯೇ ಇತ್ತು. ನಮ್ಮ ಹಳ್ಳಿಯ ಮೆಟ್ಟಿಲು ಹೊಲಗಳಲ್ಲಿ ಮಾತ್ರ ಅದರ ಜಾಗ ಖಾಲಿಯಿತ್ತು. ಕಾಲುವೆ ಉಳಿಸಿಕೊಂಡವರು, ಬದನೆ ಉಳಿಸಿಕೊಂಡವರು, ಪಾಲಕಿನ ಮಸಾಲೆಯನ್ನು ಹಾಗೇ ಕುಟ್ಟುವವರು ಒಂದು ಸೊಪ್ಪನ್ನು ಹೀಗೆ ಮರೆತಿದ್ದು ನನಗೆ ಈಗಲೂ ಸೋಜಿಗ. ಮೂರರ ಬಳುವಳಿ ಎಂದು ಸಗಟಾಗಿ ಮಾತಾಡುವವರು ಈ ಕಿತ್ತುಹೋದ ಎಳೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಳುವಳಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟದ್ದಲ್ಲ, ಅಟ್ಟಿಸಿಕೊಂಡವರ ಮನೆಯಲ್ಲಿ ಆಮೇಲೆ ಬಂದವರ ಕೈಗೆ ಸಿಕ್ಕಷ್ಟು.

ಏಪ್ರಿಲಿನಲ್ಲಿ ಹಾಬಾ ಎಳೆಯದಿದ್ದಾಗ, ಸಿಪ್ಪೆಸಮೇತ ತುಂಡು ಮಾಡಿ, ಎಳೆ ಬೆಳ್ಳುಳ್ಳಿ ಸೊಪ್ಪು, ಎಣ್ಣೆ ಹಾಕಿ ಮುಚ್ಚಿ ಬೇಯಿಸಿ, ಇಳಿಸುವಾಗ ಒಂದು ಹಿಡಿ ಕೊತ್ತಂಬರಿ ಹಾಕಿದೆ. ಬುಟ್ಟಿ ತಿರುಗಿಸುವ ನೆವದಲ್ಲಿ ಅಜ್ಜಿಗೂ ಒಂದು ಬಟ್ಟಲು ಕಳಿಸಿದೆ. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. "ಹಾಮೋನ್ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಮಗಳೇ" ಎಂದರು. ಮುಂದಿನ ವರ್ಷ ಬೀಜವಾಗಿ ಉದುರಿದ ಕೊತ್ತಂಬರಿ ನೀರಿನ ಜೊತೆ ಹರಿದು ಅವರ ಹೊಲದಲ್ಲೂ ಎದ್ದಿತು. ಕಳೆಯೆಂದು ಅವರು ಕೀಳಲಿಲ್ಲ. ತಿಂದರೋ ಇಲ್ಲವೋ ಕಾಣೆ. ನಾನು ಕೇಳಲಿಲ್ಲ, ಅವರಾಗಿ ಹೇಳುವ ಜಾತಿಯವರೂ ಅಲ್ಲ.

ಈಗ ನಾವು ಮೈಸೂರಿನಲ್ಲಿದ್ದೇವೆ. ತಾರಸಿಯ ಮೇಲೆ ತೊಟ್ಟಿಗಳಲ್ಲಿ ಪಾಲಕ್, ಬದನೆ ಬರುತ್ತವೆ, ಹಾಬಾ ಬರುವುದಿಲ್ಲ. ಅದಕ್ಕೆ ಚಳಿ ಸಾಲದು. ಪಾಲಕ್ ಕಡಲೆಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಮಾಡಿದರೆ ಅದು ಒಳ್ಳೆಯ ಪಲ್ಯವಾಗುತ್ತದೆ, ಆ ಅಡುಗೆಯಾಗುವುದಿಲ್ಲ. ಎಣ್ಣೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ದುಡ್ಡು ಸಾಲದಿದ್ದರೆ ತಿಂಗಳಿಗೊಮ್ಮೆ ಮಾಡಿ, ಒಲೀವ್ ಎಣ್ಣೆಯಲ್ಲೇ ಮಾಡಿ. ಜೀರಿಗೆ, ಬೆಳ್ಳುಳ್ಳಿ, ಕರಿದ ಬ್ರೆಡ್ಡು ಒರಳಲ್ಲಿ ಕುಟ್ಟಿದರೆ ಹಿತ್ತಾಳೆಯದರಲ್ಲಿ ಕುಟ್ಟಿದ್ದಕ್ಕಿಂತ ನುಣ್ಣಗಾಗುತ್ತದೆ. ಬದನೆಗೆ ಸಾಗರದ ಕಡೆಯ ಜೋನಿ ಬೆಲ್ಲ ಧಾರಾಳವಾಗಿ ಸಾಕು, ಸ್ವಲ್ಪ ಹೆಚ್ಚು ಕಾಯಿಸಿಕೊಳ್ಳಬೇಕು ಅಷ್ಟೇ.

ಅಹೋ ಬ್ಲಾಂಕೋ ಮಾತ್ರ ಇಲ್ಲೇ ಚೆನ್ನ ಎನ್ನುವ ಧೈರ್ಯ ನನಗೆ ಬಂದಿದೆ. ಟೊಮೇಟೊ ಬರುವ ಮುಂಚಿನ ಬಿಳಿ ಗಸ್ಪಾಚೊ ಅದು, ಮಾಲಗಾ ಕಡೆಯದು. ಸಿಪ್ಪೆ ತೆಗೆದ ಬಾದಾಮಿ, ಒಂದೆರಡು ಎಸಳು ಹಸಿ ಬೆಳ್ಳುಳ್ಳಿ, ನೀರಲ್ಲಿ ನೆನೆಸಿ ಹಿಂಡಿದ ಬ್ರೆಡ್ಡು, ಉಪ್ಪು. ನುಣ್ಣಗೆ ರುಬ್ಬುತ್ತ ಎಣ್ಣೆಯನ್ನು ಎಳೆಯಾಗಿ ಬಿಡಬೇಕು, ಕೊನೆಗೆ ವಿನೆಗರ್, ತಣ್ಣೀರು. ಮಜ್ಜಿಗೆಯ ಹದ. ಬಟ್ಟಲಿಗೆ ಹಾಕಿ ಮೇಲೆ ಸಿಹಿ ದ್ರಾಕ್ಷಿ. ಮಾಲಗಾದ ಮಸ್ಕತ್ ದ್ರಾಕ್ಷಿ ಕಳಿಯುವುದು ಆಗಸ್ಟ್ ಕೊನೆಗೆ, ಅರ್ಧ ಬೇಸಿಗೆ ಕಳೆದ ಮೇಲೆ. ನಮಗೆ ವಿಜಯಪುರದ ಹಸಿರು ದ್ರಾಕ್ಷಿ ಬಂಡಿಗೆ ಬರುವುದು ಶಿವರಾತ್ರಿಯ ಸುಮಾರಿಗೆ, ಬಿಸಿಲು ಏರುವಾಗಲೇ. ಆಗಿನಿಂದ ಯುಗಾದಿ ಕಳೆಯುವವರೆಗೂ ನಮ್ಮ ಮನೆಯಲ್ಲಿ ಅದೇ. ಬೆಳ್ಳುಳ್ಳಿ ಹಸಿಯಾಗಿ ಹಾಕುವುದಕ್ಕೆ ಅತ್ತೆಯ ತಕರಾರಿದೆ. ಅವರ ಬಟ್ಟಲಿಗೆ ಅರ್ಧ ಎಸಳು, ಅದನ್ನೂ ಹುರಿದು.